ಕಣ್ಣು ಮುಚ್ಚಿ ಕಡಲಿಗಿಳಿದ ಭೀಮು

ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಭೀಮುವಿನ ಮೋಟರ್ ರಿಪೇರಿ ಅಂಗಡಿಯಿದೆ. ಸುಟ್ಟುಹೋದ ಪಂಪ್‌ಸೆಟ್ ತಂದು ಅವನ ಮುಂದಿಟ್ಟರೆ ಒಳಗಿನ ತಂತಿ ಬಿಚ್ಚಿ, ಹೊಸ ತಂತಿ ಸುತ್ತಿ, ಮತ್ತೆ ಓಡುವ ಹಾಗೆ ಮಾಡಿಕೊಡುವುದು ಅವನ ಕಸುಬು. ಆದರೆ ಹಳ್ಳಿಗಳಲ್ಲಿ ಅವನ ಹೆಸರು ಓಡಾಡಿದ್ದು ಅದಕ್ಕಲ್ಲ. ಬಾವಿಗೆ ಬಿದ್ದ ಮೋಟರು, ಕಳಚಿಹೋದ ಪೈಪು, ಹಗ್ಗ ಹರಿದ ಕೊಡ, ಹೊಸ ಸೊಸೆಯ ಕಾಲುಂಗುರ, ಏನೇ ನೀರುಪಾಲಾಗಲಿ, "ಭೀಮೂನ್ನ ಕರೀರಿ" ಎನ್ನುವುದು ಗೊಳಸಂಗಿಯಿಂದ ತಾಳಿಕೋಟೆಯವರೆಗೆ ರೂಢಿಯಾಗಿತ್ತು. ಅವನು ಬರುತ್ತಿದ್ದ, ಅಂಗಿ ಬಿಚ್ಚುತ್ತಿದ್ದ, ನಡಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದ, ಎರಡೂ ಕಣ್ಣು ಮುಚ್ಚಿಕೊಂಡು ದುಡುಮ್ಮನೆ ಹಾರುತ್ತಿದ್ದ.

ಕಣ್ಣು ಮುಚ್ಚುವುದು ಭಯಕ್ಕಲ್ಲ. ನಮ್ಮ ಎರೆ ನೆಲದ ಬಾವಿಗಳಲ್ಲಿ ತಳಕ್ಕೆ ಹೋದಂತೆಲ್ಲ ನೀರು ರಾಡಿ. ಕಣ್ಣು ತೆರೆದರೆ ಏನೂ ಕಾಣುವುದಿಲ್ಲ, ಮೇಲೆ ಬಂದ ಮೇಲೆ ಉರಿಯೂ ತಪ್ಪುವುದಿಲ್ಲ. ಅದಕ್ಕೇ ಇಲ್ಲಿ ಮುಳುಗುವವರು ಕಣ್ಣಿನ ಕೆಲಸವನ್ನು ಕೈಗೆ ವಹಿಸುತ್ತಾರೆ. ಕೆಸರಿನಲ್ಲಿ ಕೈಯಾಡಿಸಿ ಇದು ಕಲ್ಲು, ಇದು ಬೇರು, ಇದು ಮೋಟರು ಎಂದು ಭೀಮು ಬೆರಳ ತುದಿಯಿಂದಲೇ ಹೇಳುತ್ತಿದ್ದ. ಮೇಲೆ ಹಗ್ಗ ಹಿಡಿದು ನಿಲ್ಲುತ್ತಿದ್ದವನು ಅವನ ಬಾಲ್ಯದ ಗೆಳೆಯ ಅಯೂಬ. ಟ್ರ್ಯಾಕ್ಟರ್ ಟ್ರೇಲರುಗಳಿಗೆ ವೆಲ್ಡಿಂಗ್ ಮಾಡುವ ಈ ಅಯೂಬನಿಗೆ ಈಜು ಬಾರದು. ಮೊಣಕಾಲು ಮುಳುಗುವಷ್ಟು ನೀರಿದ್ದರೂ ದಂಡೆಯ ಮೇಲೆಯೇ ನಿಲ್ಲುವ ಆಸಾಮಿ. ಆದರೆ ಹಗ್ಗದ ಮೇಲಿನ ಅವನ ಕೈ ಎಂದೂ ಸಡಿಲವಾದದ್ದಿಲ್ಲ. ಕೆಳಗಿನಿಂದ ಎರಡು ಸಲ ಜಗ್ಗಿದರೆ ಮೇಲೆ ಎಳೆ ಎಂದರ್ಥ, ಅಷ್ಟೇ ಅವರ ನಡುವಿನ ಭಾಷೆ.

ಇದೆಲ್ಲ ಹೋದ ವರ್ಷದ ಬೇಸಿಗೆಯವರೆಗಿನ ಮಾತು. ಮುಳವಾಡದ ಕಡೆ ಸಿದ್ಧರಾಮ ಎಂಬ ರೈತ ಎತ್ತುಗಳ ಮೈ ತೊಳೆಯಲು ಹೋಗಿ ಕಾಲುವೆಯಲ್ಲಿ ಜಾರಿಬಿದ್ದ. ಹುಡುಕಲು ಭೀಮುವನ್ನು, ಹಗ್ಗ ಹಿಡಿಯಲು ಅಯೂಬನನ್ನು ಕರೆದೊಯ್ದರು. ಎಂದಿನಂತೆ ಭೀಮು ಕಣ್ಣು ಮುಚ್ಚಿ ಇಳಿದ, ಸೇತುವೆಯ ಕೆಳಗೆ ಕೈಯಾಡಿಸಿದ. ಅಲ್ಲಿ ಒಂದು ಕೈ ಬಂದು ಅವನ ಕೈಯೊಳಗೆ ಕೂತಿತು. ಯಾರೋ ಪರಿಚಯದವರು ಕೈಕುಲುಕಲು ಬಂದ ಹಾಗೆ, ನೆಟ್ಟಗೆ ಬಂದು ಕೂತಿತು. ಶವ ಮೇಲೆ ಬಂತು, ಮನೆಯವರು ಅತ್ತರು, ಮಣ್ಣು ಮಾಡಿದರು. ಭೀಮು ಮಾತ್ರ ಆ ಮುಖವನ್ನು ನೋಡಲೇ ಇಲ್ಲ. ಬೆನ್ನು ತಿರುಗಿಸಿ ಅಂಗಿ ತೊಟ್ಟು ಮನೆಗೆ ಬಂದ.

ಅಂದಿನಿಂದ ಅವನು ನೀರಿಗಿಳಿದಿಲ್ಲ. ಕರೆಯಲು ಬಂದವರಿಗೆಲ್ಲ "ಕಿವಿ ಸೋರಾಕತ್ತೇತ್ರಿ, ಡಾಕ್ಟರು ಬ್ಯಾಡಂದಾರ" ಎಂದು ಒಂದೇ ಪಾಠ ಒಪ್ಪಿಸುತ್ತಿದ್ದ. ನಿಜ ಗೊತ್ತಿದ್ದುದು ಹೆಂಡತಿ ವಿಜಯಶ್ರೀಗೆ ಮಾತ್ರ. ಸ್ನಾನದ ಹಂಡೆಗೆ ಕೈ ಅದ್ದಲಿಕ್ಕೂ ಅವನು ಹಿಂಜರಿಯುತ್ತಿದ್ದ. ಅವಳೇ ತಂಬಿಗೆಯಲ್ಲಿ ನೀರು ಮೊಗೆದು ಹಾಕುತ್ತಿದ್ದಳು, ಏಕೆಂದು ಕೇಳುತ್ತಿರಲಿಲ್ಲ. ನೀರೇ ತನ್ನ ಹೆಸರಾಗಿದ್ದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ನಾಚಿಕೆ ಬೇರೆ ಇರಲಿಲ್ಲ. ತಾನು ಇನ್ನೆಂದಾದರೂ ಮುಳುಗಿ ಎದ್ದೇನೇ ಎಂಬ ಒಂದೇ ಪ್ರಶ್ನೆ ಅವನ ತಲೆಯೊಳಗೆ ಗಾಣದೆತ್ತಿನಂತೆ ಸುತ್ತುತ್ತಿತ್ತು.

ಈ ಹೊತ್ತಿನಲ್ಲಿಯೇ ಸಂಜೀವಕುಮಾರನಿಗೆ ಸಮುದ್ರದ ಹುಚ್ಚು ಹಿಡಿಯಿತು. ಅವನು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಮೇಷ್ಟ್ರು, ಗೊಳಸಂಗಿಯ ಶಾಲೆಯಲ್ಲಿ ಭೀಮು, ಅಯೂಬರ ಜೊತೆ ಒಂದೇ ಮಣೆಯ ಮೇಲೆ ಕೂತು ಕಲಿತವ. ಸುಮ್ಮನಿರಲಾರದ ಜೀವ. ಒಂದು ದಿನ ಅಂಗಡಿಗೆ ಬಂದವನೇ ಫೋನು ಹಿಡಿದು ತೋರಿಸಿದ.

"ಲೇ ಭೀಮ್ಯಾ, ಮುರ್ಡೇಶ್ವರದ ಕಡೆ ಸಮುದ್ರದಾಗ ಮೀನಾ ಹಿಡಿಯೂ ಬೋಟೊಂದು ಮುಳುಗಿ ಕುಂತೈತಂತ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ಕೆಳಗ ಕರ್ಕೊಂಡು ಹೋಗಿ ತೋರಸ್ತಾರ. ಮೂರೂ ಮಂದಿ ಹೆಸರ ಹಚ್ಚೇನಿ. ಶನಿವಾರ, ರವಿವಾರ ಅಲ್ಲೇ."

"ನನ್ನ ಹೆಸರು ಯಾಕೋ ಮಾರಾಯಾ," ಎಂದ ಅಯೂಬ. "ನಾ ದಂಡಿಮ್ಯಾಲಿನ ಗಿರಾಕಿ."

"ನೀ ಅಂಗಿ ಚೊಣ್ಣ ಕಾಯಿ."

ಭೀಮು ಕಿವಿಯ ಪಾಠ ಶುರು ಮಾಡಬೇಕೆಂದಿದ್ದ, ಆದರೆ ಬಾಯಿ ಬರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿದ. ವಿಜಯಶ್ರೀ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ಹೋಗಿ ಬರ್ರಿ. ಅಲ್ಲೀ ನೀರು ಬ್ಯಾರೆ, ಇಲ್ಲೀ ನೀರು ಬ್ಯಾರೆ. ಆಗಲಿಲ್ಲಂದ್ರ ದಂಡಿಮ್ಯಾಲೆ ಕುಂತು ಚುರುಮುರಿ ತಿಂದು ಬರ್ರಿ. ಯಾರೇನು ನಿಮ್ಮನ್ನ ದಬ್ಬಂಗಿಲ್ಲ."

ಅಲ್ಲಿಯ ನೀರು ಬೇರೆ ಎಂಬ ಮಾತು ಭೀಮುವಿಗೆ ಹಿಡಿಸಿತು. ಶುಕ್ರವಾರ ಸಂಜೀವಕುಮಾರನ ಕಾರಿನಲ್ಲಿ ಮೂವರೂ ಹೊರಟರು. ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಕಡಲ ದಂಡೆಯ ಒಂದು ಲಾಡ್ಜಿನಲ್ಲಿ ಇಳಿದುಕೊಂಡರು. ದಾರಿಯುದ್ದಕ್ಕೂ ಮೇಷ್ಟ್ರು ಸಮುದ್ರದ ಬಗ್ಗೆ ಪಾಠ ಮಾಡಿದ, ಅಯೂಬ ನಿದ್ದೆ ಮಾಡಿದ, ಭೀಮು ಕಿಟಕಿಯಾಚೆ ನೋಡುತ್ತ ಕೂತಿದ್ದ.

ಶನಿವಾರ ಬೆಳಿಗ್ಗೆ ದೋಣಿಯಲ್ಲಿ ಅವರನ್ನು ಎದುರುಗೊಂಡವನು ದುರ್ಗಯ್ಯ. ಮೀನು ಹಿಡಿಯುವ ಮೊಗೇರರ ಮನೆಯ ಮಗ, ಬಿಸಿಲಿಗೆ ಕಾದು ಕಪ್ಪಾದ ಮೈ, ಮೆತ್ತಗಿನ ಮಾತು. ಮುಳುಗುವವರನ್ನು ಹಿಂದಿನಿಂದ ಹಿಡಿದು ಕೆಳಗೊಯ್ಯುವುದು ಅವನ ಮತ್ತು ಅವನ ಜೊತೆಗಾರರ ಕೆಲಸ.

"ಬಾಯಲ್ಲೇ ಉಸಿರಾಡ್ಬೇಕು, ಉಸಿರು ಬಿಗಿ ಹಿಡೀಬಾರ್ದು," ಎಂದು ಆತ ಹೇಳಿಕೊಟ್ಟ. "ನೀರೊಳಗೆ ಮಾತಿಲ್ಲ. ಎಲ್ಲ ಸರಿ ಉಂಟು ಅಂದ್ರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರ್ಸಿ. ಮೇಲೆ ಹೋಗ್ಬೇಕು ಅಂದ್ರೆ ಹೆಬ್ಬೆರಳು ಮೇಲೆ. ಮತ್ತೆ, ಯಾರಿಗಾದ್ರೂ ಕಿವಿ ತೊಂದ್ರೆ ಉಂಟಾ? ಇದ್ರೆ ಇಳಿಸುದಿಲ್ಲ."

ಅಯೂಬನೂ ಸಂಜೀವಕುಮಾರನೂ ಒಟ್ಟಿಗೇ ಭೀಮುವಿನ ಕಡೆ ತಿರುಗಿದರು. ಬಾಗಿಲು ತಾನಾಗಿ ತೆರೆದು ನಿಂತಿತ್ತು. ಹೂಂ ಅಂದರೆ ಮುಗಿಯಿತು, ಮರ್ಯಾದೆಯೂ ಉಳಿಯಿತು, ಚುರುಮುರಿಯೂ ಸಿಕ್ಕಿತು. ಒಂದು ವರ್ಷದಿಂದ ಸಾಕಿದ ಸುಳ್ಳು ಈಗ ಉಪಯೋಗಕ್ಕೆ ಬರಬೇಕಿತ್ತು.

"ಇಲ್ರಿ," ಎಂದ ಭೀಮು. ಹಾಗೇಕೆ ಅಂದೆ ಎಂದು ಅವನಿಗೇ ಗೊತ್ತಾಗಲಿಲ್ಲ.

"ಸೋರ್ತಿತ್ತಲ್ಲೋ?" ಸಂಜೀವಕುಮಾರ ಕೇಳಿದ.

"ಆರಾಮಾಗೇತಿ."

ಅಯೂಬ ಗೆಳೆಯರ ಅಂಗಿ, ಫೋನು, ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ದೋಣಿಯ ನಟ್ಟನಡುವೆ, ಅಂಚಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಕೂತ.

ಮೊದಲು ಇಳಿದವನು ಸಂಜೀವಕುಮಾರ. ಕೆಳಗೆ ಬಣ್ಣದ ಮೀನು ಕಂಡದ್ದೇ ಖುಷಿಯಾಗಿ, ಊರಿನ ಅಭ್ಯಾಸದಂತೆ, ಭಾರಿ ಐತಿ ಎನ್ನಲು ಹೆಬ್ಬೆರಳೆತ್ತಿ ತೋರಿಸಿದ. ಜೊತೆಗಿದ್ದವನು ಪಾಪ, ಇವರಿಗೆ ಮೇಲೆ ಹೋಗಬೇಕಂತೆ ಎಂದುಕೊಂಡು ಎಳೆದು ತಂದು ದೋಣಿಗೆ ಹಾಕಿದ. ಮಕ್ಕಳಿಗೆ ದಿನವೂ ಗಮನವಿಟ್ಟು ಕೇಳ್ರಿ ಎಂದು ಹೇಳುವ ಮೇಷ್ಟ್ರು ಉಪ್ಪುನೀರು ಉಗುಳುತ್ತ ಕೂತ.

ಆಮೇಲೆ ಭೀಮು. ಮುಖಕ್ಕೆ ಗಾಜಿನ ಮುಖವಾಡ ಬಿಗಿದರು, ಬಾಯಿಗೆ ಗಾಳಿಯ ಕೊಳವೆ ಕೊಟ್ಟರು. ನೀರು ತಲೆಯ ಮೇಲೆ ಕೂಡಿಕೊಂಡ ಕ್ಷಣ ಅವನ ಕಣ್ಣು ತಾವಾಗಿಯೇ ಮುಚ್ಚಿದವು. ತೆರೆಯಬೇಕೆಂದುಕೊಂಡ. ತೆರೆದರೆ ಎದುರಿಗೆ ಯಾರಿದ್ದಾರೋ ಎಂಬ ಯೋಚನೆ ಬಂತು. ಕಾಲುವೆಯಲ್ಲಿ ನೋಡದೆ ಬಿಟ್ಟ ಆ ಮುಖ ಇಲ್ಲಿ ಕಾಯುತ್ತಿದ್ದರೆ? ಕೈ ಚಾಚುವುದಕ್ಕೂ ಧೈರ್ಯವಿಲ್ಲ, ಕೈಗೆ ಏನಾದರೂ ಸಿಕ್ಕರೆ? ಎಡಗೈಯನ್ನು ಎದೆಗೆ ಒತ್ತಿಕೊಂಡ, ಬಲಗೈಯಲ್ಲಿ ಬೆರಳಿನ ಉಂಗುರ ಮಾಡಿ ಎತ್ತಿಹಿಡಿದ. ದುರ್ಗಯ್ಯ ಹಿಂದಿನಿಂದ ಹಿಡಿದುಕೊಂಡು ಎಲ್ಲೆಲ್ಲೋ ತಿರುಗಿಸಿದ. ಭೀಮುವಿಗೆ ಕೇಳಿದ್ದು ಗುಳುಗುಳು ಸದ್ದು ಮಾತ್ರ. ಅಂತೂ ಮೇಲೆ ಬಂದಾಗ ಹೋದ ಜೀವ ಬಂದಂತಾಯಿತು.

ಆದರೆ ಮನುಷ್ಯ ನೋಡಿ, ಮೈ ಒಣಗುವಷ್ಟರಲ್ಲಿ ಬಾಯಿ ಹಸಿಯಾಯಿತು. ಸಂಜೆ ಲಾಡ್ಜಿನ ಜಗಲಿಯಲ್ಲಿ ಚಹಾ ಕುಡಿಯುತ್ತ, ಪೂರ್ತಿ ನೋಡದೆ ಬಂದ ಮೇಷ್ಟ್ರು ಕೇಳಿದ್ದಕ್ಕೆ, ಭೀಮು ಕಡಲನ್ನೇ ಕಟ್ಟಿ ನಿಲ್ಲಿಸಿದ.

"ಮೀನಂದ್ರ ಮೀನೋ, ಅಮಾಸಿ ದಿನ ನಮ್ಮ ಬಸ್ ಸ್ಟ್ಯಾಂಡಿನ್ಯಾಗ ಮಂದಿ ಕೂಡಿದಂಗ. ಹಳದಿ, ನೀಲಿ, ಒಂದಂತೂ ಪೂರಾ ಕೆಂಪ. ಬೋಟಿಂದು ಸ್ಟೇರಿಂಗ್ ಇನ್ನಾ ಗಟ್ಟಿ ಐತಿ ನೋಡು. ತಿರುಗಿಸಿದ್ರ ತಿರಗತಿತ್ತೇನೋ, ಮುಟ್ಟಬ್ಯಾಡಂದಾರ ಅಂತ ಬಿಟ್ಟೆ."

ಸಂಜೀವಕುಮಾರ ಹೊಟ್ಟೆಕಿಚ್ಚಿನಿಂದ ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಅವನ ಫೋನು ಕಿಣಿಗುಟ್ಟಿತು. ನೀರೊಳಗೆ ತೆಗೆದ ವಿಡಿಯೋವನ್ನು ಬಂದವರಿಗೆಲ್ಲ ಸಂಜೆಗೆ ಕಳಿಸುವುದು ಅಲ್ಲಿಯ ಪದ್ಧತಿಯಂತೆ. ಆ ಪದ್ಧತಿಯನ್ನು ಭೀಮುವಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಮೂವರೂ ತಲೆ ಕೂಡಿಸಿ ನೋಡಿದರು. ತಿಳಿಹಸಿರು ನೀರು, ಪಾಚಿ ಹಿಡಿದ ಬೋಟು, ಅದರ ಅಂಚಿನ ಸುತ್ತ ಮೀನುಗಳ ಹಿಂಡು. ನಡುವೆ ಭೀಮು. ಕಹಿ ಔಷಧ ಕುಡಿಯುವ ಕೂಸಿನ ಹಾಗೆ ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದಾನೆ. ತಟ್ಟೆಯಷ್ಟು ಅಗಲದ ಮೀನೊಂದು ಮೂಗಿನ ಹತ್ತಿರವೇ ಬಂದು, ಇವನನ್ನು ಚೆನ್ನಾಗಿ ನೋಡಿ, ಹೊರಟುಹೋಗುತ್ತದೆ. ಭೀಮು ಎಲ್ಲ ಸರಿಯಿದೆ ಎಂದು ಬೆರಳಿನ ಉಂಗುರ ತೋರಿಸುತ್ತಲೇ ಇದ್ದಾನೆ. ಬೋಟಿಗೆ ಸ್ಟೇರಿಂಗ್ ಎಂಬುದೇ ಇಲ್ಲ, ಅದಿದ್ದ ಜಾಗದಲ್ಲಿ ಒಂದು ತೂತಿದೆ.

ಸಂಜೀವಕುಮಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಆ ಕೆಂಪು ಮೀನಾ ಯಾವದಲೇ? ಸ್ಟೇರಿಂಗ್ ಯಾ ಕಡೆ ತಿರಗತಿತ್ತು?" ಎನ್ನುತ್ತ ಭೀಮುವಿನ ಮುಖ ನೋಡಿದವನು ಥಟ್ಟನೆ ನಗು ನಿಲ್ಲಿಸಿದ. ಅಯೂಬ ಮೊದಲಿನಿಂದಲೂ ನಕ್ಕಿರಲಿಲ್ಲ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಭೀಮು ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಕಿವಿ ಸೋರುವ ಸುಳ್ಳು, ಹಂಡೆಗೂ ಕೈ ಅದ್ದಲಾರದ ಅಂಜಿಕೆ, ಕೈಯೊಳಗೆ ಬಂದು ಕೂತ ಆ ಕೈ. "ಕಣ್ಣ ತೆರದ್ರ ಅಂವ ಕಾಣ್ತಾನಂತ ಅಂಜಿಕಿ. ಮುಚ್ಚಿದ್ರ ಅಂವನ ಕೈ. ನಾ ಹೆಂಗ್ ನೀರಾಗ ಇರ್ಲಿ?" ಎಂದ.

ಸಂಜೀವಕುಮಾರ ಫೋನು ಬದಿಗಿಟ್ಟ. ಮಾತಾಡಿದವನು ಅಯೂಬ.

"ನಿನಗೊಂದು ಗೊತ್ತೈತೇನು? ಆವತ್ತ ನೀ ಎರಡು ಸಲ ಜಗ್ಗಲಿಲ್ಲ. ಹಗ್ಗ ಸುಮ್ಮನ ನಿಂತಿತ್ತು. ನಾ ಕಾದು ಕಾದು, ತಡಕೊಳ್ಳಲಾರದ ಎಳದೆ. ನೀನೂ ಹ್ವಾದಿ ಅಂತ ಅಂದ್ಕೊಂಡಿದ್ದೆ. ಮ್ಯಾಲೆ ಬಂದಾಗ ನೀ ಅಂವನ ಕೈ ಹಿಡಕೊಂಡೇ ಇದ್ದಿ, ಬಿಡಿಸಿದ್ದು ನಾನು."

ಭೀಮುವಿಗೆ ಅದು ನೆನಪೇ ಇರಲಿಲ್ಲ. ಬಾಯಿ ತೆರೆದು ಗೆಳೆಯನನ್ನು ನೋಡಿದ. ಹೆದರಿದ್ದು ತಾನೊಬ್ಬನೇ ಎಂದು ಇಷ್ಟು ದಿನ ತಿಳಿದಿದ್ದ.

"ಇಷ್ಟ ವರ್ಷ ನಾ ಮ್ಯಾಲೇ ನಿಂತೆ," ಎಂದ ಅಯೂಬ. "ಕೆಳಗಿನ ಅಂಜಿಕಿ ನೀ ಒಬ್ಬನೇ ನುಂಗಿದಿ. ನಾಳೆ ನಾನೂ ಇಳೀತೇನಿ."

"ನಿನಗ ಈಸ ಬರಂಗಿಲ್ಲೋ."

"ಈಸ ಬರದವರನ್ನೂ ಒಯ್ತಾರಂತ, ದುರ್ಗಯ್ಯಗ ಕೇಳೇನಿ. ನಾಳೆ ನನ್ನ ಕೈ ನೀ ಬಿಡಬ್ಯಾಡ, ಅಷ್ಟ ಮಾಡು."

ರವಿವಾರ ಬೆಳಿಗ್ಗೆ ದೋಣಿಯ ಏಣಿಯ ಬಳಿ ಅಯೂಬನಿಗೆ ಮೂಗು ಹಿಡಿದು ಕಿವಿಗೆ ಗಾಳಿ ಊದುವುದನ್ನು, ಬಾಯಲ್ಲಿ ಉಸಿರಾಡುವುದನ್ನು ಕಲಿಸುವಷ್ಟರಲ್ಲಿ ದುರ್ಗಯ್ಯನೇ ಬೆವರಿದ. ಅಯೂಬ ಏಣಿಯನ್ನು ಬಿಡಲೊಲ್ಲ. ನೀರು ಗದ್ದಕ್ಕೆ ತಾಗಿದರೆ ಬಿಸ್ಮಿಲ್ಲಾ ಎನ್ನುತ್ತಾನೆ, ಮೂಗಿಗೆ ತಾಗಿದರೆ ಮೇಲೇರುತ್ತಾನೆ. ಆದರೂ ಸಾಕು ಎಂದು ಮಾತ್ರ ಅನ್ನಲಿಲ್ಲ. ಕೊನೆಗೊಮ್ಮೆ ತಲೆ ಮುಳುಗಿಸಿ ಒಳಗೆ ಉಸಿರಾಡಿ ಎದ್ದು, "ಬರ್ತೈತಲ್ಲೋ ಉಸಿರು," ಎಂದು ಬೆರಗಾಗಿ ನೋಡಿದ.

ಇಬ್ಬರೂ ಇಳಿದರು. ಹಿಂದೆ ಒಬ್ಬೊಬ್ಬ ಜೊತೆಗಾರ, ಪಕ್ಕದಲ್ಲಿ ಲಂಗರಿನ ಹಗ್ಗ. ಭೀಮುವಿನ ಎಡಗೈಯಲ್ಲಿ ಅಯೂಬನ ಬಲಗೈ. ನೀರು ಮೇಲೆ ಕೂಡಿಕೊಂಡಿತು, ಭೀಮುವಿನ ಕಣ್ಣು ಮತ್ತೆ ಮುಚ್ಚಿಕೊಂಡವು.

ಕತ್ತಲು, ನೀರು, ಕೈಯೊಳಗೊಂದು ಕೈ. ಯಾವುದಕ್ಕೆ ಹೆದರಿ ಬಂದಿದ್ದನೋ ಅದೇ. ಅವನಿಗೆ ಕೈ ಬಿಟ್ಟುಬಿಡಬೇಕು, ಮೇಲೆ ಓಡಿಬಿಡಬೇಕು ಅನ್ನಿಸಿತು. ಆದರೆ ಈ ಕೈ ಸುಮ್ಮನೆ ಕೂತಿರಲಿಲ್ಲ. ನಡುಗುತ್ತಿತ್ತು. ಬೆರಳ ಗೆಣ್ಣು ನೋಯುವಷ್ಟು ಬಿಗಿಯಾಗಿ ಅವುಚಿಕೊಂಡಿತ್ತು. ವೆಲ್ಡಿಂಗಿನ ಕಿಡಿ ತಾಗಿ ಗಟ್ಟಿಯಾದ ಚರ್ಮ, ಅದರ ಕೆಳಗೆ ಬಡಿಯುವ ನಾಡಿ. ಬದುಕಿರುವ ಮನುಷ್ಯನ ಕೈ ಹೀಗಿರುತ್ತದೆ ಎಂಬುದನ್ನು ಅವನು ಮರೆತೇಬಿಟ್ಟಿದ್ದ.

ಆ ಕೈ ಎರಡು ಸಲ ಜಗ್ಗಿತು.

ಅಯೂಬನಿಗೆ ಏನೋ ಆಯಿತು. ಅಷ್ಟೇ ಭೀಮುವಿಗೆ ತಿಳಿದದ್ದು. ತನ್ನ ಭಯವೆಲ್ಲ ಎಲ್ಲಿ ಹೋಯಿತೋ, ಥಟ್ಟನೆ ಕಣ್ಣು ತೆರೆದ.

ಅಯೂಬ ಎದುರಿಗೇ ಇದ್ದ. ಗಾಜಿನ ಹಿಂದೆ ಕಣ್ಣುಗಳು ಲಿಂಬೆಹಣ್ಣಿನಷ್ಟಾಗಿದ್ದವು. ಆದರೆ ಅವನು ಮೇಲೆ ಎಳೆ ಎನ್ನುತ್ತಿರಲಿಲ್ಲ. ಗದ್ದ ಎತ್ತಿ ಎತ್ತಿ ಪಕ್ಕಕ್ಕೆ ತೋರಿಸುತ್ತಿದ್ದ, ನೋಡೋ, ನೋಡೋ ಎನ್ನುವ ಹಾಗೆ. ಅಲ್ಲಿ ಹಳದಿ ಪಟ್ಟೆಯ ಮೀನುಗಳು ಮದುವೆಯ ದಿಬ್ಬಣದಂತೆ ಸಾಲಾಗಿ ಹೊರಟಿದ್ದವು. ಮೇಲಿನಿಂದ ಬಿಸಿಲು ಇಳಿದು ತಳದ ಮರಳಿನ ಮೇಲೆ ಆಡುತ್ತಿತ್ತು. ಭೀಮು ಹುಟ್ಟಿದಾಗಿನಿಂದ ನೀರಿನಲ್ಲಿ ಬದುಕಿದವನು, ನೀರೊಳಗೆ ಬೆಳಕಿರುತ್ತದೆ ಎಂದು ಇಂದೇ ನೋಡಿದ.

ಮುಂದೆ ಬೋಟು ಕಂಡಿತು. ಒಂದು ಮಗ್ಗುಲಿಗೆ ವಾಲಿಕೊಂಡು, ಮೈಗೆಲ್ಲ ಪಾಚಿ, ಚಿಪ್ಪು ಮೆತ್ತಿಕೊಂಡು ಕೂತಿತ್ತು. ಅದರ ಕೋಣೆಗೆ ಒಂದು ಕಿಟಕಿ, ಕಿಟಕಿಯೊಳಗೆ ಕತ್ತಲು. ಭೀಮುವಿನ ಕಣ್ಣು ಅಲ್ಲೇ ನಿಂತಿತು. ಅಯೂಬನೂ ಅದನ್ನೇ ನೋಡುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭೀಮು ದುರ್ಗಯ್ಯನಿಗೆ ಬೆರಳು ಮಾಡಿ ಅತ್ತ ತೋರಿಸಿದ. ದುರ್ಗಯ್ಯ ಮೆಲ್ಲಗೆ ಹತ್ತಿರ ಒಯ್ದು, ಕೈಯಲ್ಲಿದ್ದ ಬ್ಯಾಟರಿಯ ಬೆಳಕನ್ನು ಒಳಗೆ ಬಿಟ್ಟ.

ಭೀಮು ಕೈ ಚಾಚಲಿಲ್ಲ. ಮುಖ ಮುಂದೆ ಮಾಡಿ ಕಣ್ಣಿನಿಂದ ನೋಡಿದ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ, ಮೇಲೆ, ಕೆಳಗೆ, ಕಳೆದುಹೋದ ವಸ್ತು ಹುಡುಕುವವನಂತೆ ನಿಧಾನವಾಗಿ ನೋಡಿದ. ಒಂದು ತುಕ್ಕು ಹಿಡಿದ ಡಬ್ಬಿ, ಹರಿದ ಬಲೆಯ ತುಂಡು, ಬೆಳಕಿಗೆ ಬೆದರಿ ಮೂಲೆ ಸೇರಿದ ಸಣ್ಣ ಮೀನುಗಳು. ಅಷ್ಟೇ. ಅವನು ಮತ್ತೊಮ್ಮೆ ನೋಡಿದ.

ಮೇಲೆ ಬಂದು ದೋಣಿ ಹತ್ತಿದಾಗ ಸಂಜೀವಕುಮಾರ ಇಬ್ಬರಿಗೂ ಟವೆಲು ಕೊಟ್ಟ. ಭೀಮು ಬಾಯಿಯಿಂದ ಕೊಳವೆ ತೆಗೆದವನೇ ದುರ್ಗಯ್ಯನಿಗೆ ಕೇಳಿದ: "ಈ ಬೋಟು ಮುಳುಗಿದಾಗ ಎಷ್ಟ ಮಂದಿ ಹ್ವಾದ್ರಿ?"

ದುರ್ಗಯ್ಯ ಸಿಲಿಂಡರು ಬಿಚ್ಚುತ್ತಿದ್ದ. "ಯಾರು ಹೋದದ್ದು? ಯಾರೂ ಇಲ್ಲ ಮಾರಾಯ್ರೆ. ನೀರು ಒಳಗೆ ಬಂತು, ಪಕ್ಕದ ಬೋಟಿನವ್ರು ಎಲ್ರನ್ನೂ ಹತ್ತಿಸಿಕೊಂಡ್ರು. ನನ್ನ ಸಣ್ಣಪ್ಪ ಇದ್ದ ಅದ್ರಲ್ಲಿ. ಈಗ್ಲೂ ಇದ್ದಾನೆ, ದಿನಾ ಜಗಳ ಮಾಡ್ತಾ ಇರ್ತಾನೆ."

ಭೀಮು ಮೊದಲು ನಕ್ಕ. ಆಮೇಲೆ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಅತ್ತ, ದೊಡ್ಡ ದನಿಯಲ್ಲಿ, ಯಾವ ನಾಚಿಕೆಯೂ ಇಲ್ಲದೆ. ಸಿದ್ಧರಾಮನಿಗಾಗಿಯೂ ಅತ್ತ, ಅವನಿಗಾಗಿ ಅಳಲು ಇಲ್ಲಿಯವರೆಗೆ ಅವನಿಂದ ಆಗಿರಲಿಲ್ಲ. ಎದೆಯ ಮೇಲೆ ಕೂತಿದ್ದ ಕಲ್ಲು ಒಂದೇ ಸಲಕ್ಕೆ ಸರಿದ ಹಾಗಾಗಿ ಅವನಿಗೆ ಮೈಯೆಲ್ಲ ಹಗುರವಾಯಿತು. ಸಂಜೀವಕುಮಾರ ಏನೋ ಹೇಳಲು ಹೋದ. ಅಯೂಬ ಬೇಡ ಎಂದು ಕೈಸನ್ನೆ ಮಾಡಿದ.

ಸ್ವಲ್ಪ ಹೊತ್ತಿನ ಮೇಲೆ ಅಯೂಬ ಅವನ ಪಕ್ಕಕ್ಕೆ, ದೋಣಿಯ ಅಂಚಿಗೇ ಬಂದು ಕೂತು ಮೆಲ್ಲಗೆ ಕೇಳಿದ: "ಆ ಖೋಲ್ಯಾಗ ಚಲೋತ್ನಾಗಿ ನೋಡಿದೇನು?"

"ನೋಡಿದೆ."

"ಯಾರರ ಇದ್ರೇನು?"

"ಯಾರೂ ಇರಲಿಲ್ಲೋ ಅಯೂಬಾ."

"ಹೌದು," ಎಂದ ಅಯೂಬ. "ನಾನೂ ನೋಡೇನಿ. ಯಾರೂ ಇರಲಿಲ್ಲ."